ಕೆಂಚು ಕೂದಲಿಗೆ ಮೊದಲ ನರೆ: ಯಾವ ದಾರಿ ಯಾರಿಗೆ?

ಆಯಿಯ, ಅಂದರೆ ಅಮ್ಮನ ಕಡೆಯವರೆಲ್ಲ ಕೆಂಚು ಕೂದಲಿನವರು. ನೆರಳಲ್ಲಿ ನಿಂತರೆ ಕಪ್ಪು ಅನಿಸುತ್ತದೆ, ಅಂಗಳದ ಬಿಸಿಲಿಗೆ ಬಂದರೆ ಕಂದು. ಶಾಲೆಯಲ್ಲಿ ನನ್ನನ್ನು ಕೆಂಚಿ ಎಂದೇ ಕರೆಯುತ್ತಿದ್ದರು. ಶಿರಸಿಯಿಂದ ಮದುವೆಯಾಗಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದ ಮೇಲೆ ಇಲ್ಲಿಯ ಬಿಸಿಲಿಗೆ ಆ ಬಣ್ಣ ಇನ್ನೊಂದು ಚೂರು ತಿಳಿಯಾಯಿತು. 34ನೇ ವಯಸ್ಸಿಗೆ ಬೈತಲೆಯ ಬಲಗಡೆ ಮೊದಲ ಬಿಳಿ ಎಳೆ ಕಂಡಿತು.

ಆಮೇಲೆ ಸಲಹೆಗಳಿಗೆ ಬರಗಾಲವೇ ಇರಲಿಲ್ಲ. ಅತ್ತೆ ಎಣ್ಣೆ ಕಾಯಿಸಿ ಕೊಟ್ಟರು. ಪಕ್ಕದ ಮನೆಯ ಅಕ್ಕ ಮದರಂಗಿ ಹಚ್ಚು ಎಂದರು. ನಾದಿನಿ ಡೈ ಪೊಟ್ಟಣವನ್ನೇ ತಂದಳು. ಎಲ್ಲರದ್ದೂ ಪ್ರೀತಿಯೇ. ಆದರೆ ಆ ಸಲಹೆಗಳೆಲ್ಲ ಕಪ್ಪು ಕೂದಲಿನ ಲೆಕ್ಕದಲ್ಲಿ ಹುಟ್ಟಿದವು. ಕೆಂಚು ಕೂದಲಿನ ಲೆಕ್ಕವೇ ಬೇರೆ, ಅದು ನನಗೆ ಕಷ್ಟಪಟ್ಟ ಮೇಲೆ ಗೊತ್ತಾಯಿತು. ಈ ಹತ್ತು ವರ್ಷಗಳಲ್ಲಿ ಹೆಚ್ಚಿನ ದಾರಿಗಳನ್ನು ಮಾಡಿ ನೋಡಿದ್ದೇನೆ. ಈಗ ಯಾರಾದರೂ ಕೇಳಿದರೆ ನಾನು ಮೊದಲು ಒಂದೇ ಪ್ರಶ್ನೆ ಇಡುತ್ತೇನೆ: ಇದು ಬೇಡ ಅನಿಸಿದ ದಿನ ನಿಮ್ಮ ಸ್ವಂತ ಬಣ್ಣಕ್ಕೆ ವಾಪಸ್ ಬರಲು ಎಷ್ಟು ಕಾಲ ಬೇಕು? ಮೊದಲ ನರೆಗೆ ಯಾವ ಉಪಾಯ ಮಾಡಬೇಕು ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಬೆನ್ನಿನ ನಡುವಿನ ತನಕ, ಅಂದರೆ 45 ಸೆಂಟಿಮೀಟರ್ ಜಡೆ ಇದ್ದರೆ ಬುಡದಿಂದ ತುದಿಯವರೆಗೆ ಹೊಸ ಕೂದಲು ಬರಲು ಮೂರರಿಂದ ನಾಲ್ಕು ವರ್ಷ ಬೇಕು. ಗಂಡಸರ ಸಣ್ಣ ಕ್ರಾಪಿಗೆ ಮೂರು ತಿಂಗಳು ಸಾಕು. ಈ ಎರಡು ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಒಂದು ರಕ್ತ ಪರೀಕ್ಷೆ

ಕೂದಲಿನ ಬಣ್ಣ ಮೆಲನಿನ್‌ನದು. ಕೂದಲಿನ ಬುಡದಲ್ಲಿ ಅದನ್ನು ತಯಾರಿಸುವ ಕೋಶಗಳಿವೆ. ಅವು ಕಡಿಮೆಯಾಗುತ್ತಾ ಹೋದಂತೆ ಹೊಸದಾಗಿ ಬರುವ ಕೂದಲು ಬಣ್ಣವಿಲ್ಲದೆ ಬರುತ್ತದೆ. ಯಾವ ವಯಸ್ಸಿಗೆ ಎನ್ನುವುದು ಹೆಚ್ಚಾಗಿ ಮನೆತನದಿಂದ ಬಂದದ್ದು. ನಿಮ್ಮ ಅಪ್ಪನಿಗೋ ಆಯಿಗೋ 30ಕ್ಕೆ ಶುರುವಾಗಿದ್ದರೆ ನಿಮಗೂ ಆಗಬಹುದು. ನಮ್ಮ ಕಡೆಯವರಲ್ಲಿ 25 ವರ್ಷದ ಒಳಗೆ ಬಂದರೆ ಅದನ್ನು ವೈದ್ಯರು ಬಾಲನೆರೆ ಎಂದು ಲೆಕ್ಕ ಹಿಡಿಯುತ್ತಾರೆ.

ಬಣ್ಣದ ಪೊಟ್ಟಣ ತರುವ ಮೊದಲು ಬಿ12, ಥೈರಾಯ್ಡ್, ಕಬ್ಬಿಣದ ಅಂಶ ಮೂರನ್ನೂ ನೋಡಿಸಿಕೊಳ್ಳಿ. ಅದರಲ್ಲೂ ಚಿಕ್ಕ ವಯಸ್ಸಿನವರು ಮತ್ತು ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳವರು. ಬಿ12 ಸೊಪ್ಪು ತರಕಾರಿಯಲ್ಲಿ ಸಿಗುವುದಿಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಕರಾವಳಿಯ ಬಂಗಡೆ, ತಾರ್ಲೆಯಲ್ಲಿ ಬೇಕಾದಷ್ಟಿದೆ. ಆದರೂ ಮೀನು ತಿನ್ನುವವರಿಗೆ ಕೊರತೆ ಬರುವುದೇ ಇಲ್ಲ ಎಂದೇನಿಲ್ಲ, ಜೀರ್ಣದ ತೊಂದರೆ ಇದ್ದರೆ ಅವರಿಗೂ ಬರುತ್ತದೆ. ನನಗೆ ಬಿ12 ಕಡಿಮೆ ಇತ್ತು. ಮಾತ್ರೆ ತೆಗೆದುಕೊಂಡ ಮೇಲೆ ಕಾಲು ಜೋಮು ಹಿಡಿಯುವುದು ನಿಂತಿತು, ಸುಸ್ತು ಹೋಯಿತು. ನರೆ ಮಾತ್ರ ಹಾಗೇ ಉಳಿಯಿತು. ಕೊರತೆಯಿಂದಲೇ ಬಂದ ನರೆ ಕೆಲವರಲ್ಲಿ ಹಿಂದೆ ಸರಿಯುವುದುಂಟು. ಸರಿಯದಿದ್ದರೂ ಪರೀಕ್ಷೆ ದಂಡವಲ್ಲ. ಬೀಡಿ ಸಿಗರೇಟಿಗೂ ಬೇಗ ನರೆಯುವುದಕ್ಕೂ ನಂಟಿದೆ, ಅದನ್ನು ಬಿಡಲು ಇದೂ ಒಂದು ಕಾರಣ ಆಗಲಿ.

ಹಾಗೇ ಬಿಡುವುದು, ಕೀಳುವುದು, ಕತ್ತರಿಸುವುದು

ಹತ್ತು ಹದಿನೈದು ಎಳೆ ಇದ್ದಾಗ ಹಾಗೇ ಬಿಡುವುದು ಕೆಂಚು ಕೂದಲಿನವರಿಗೆ ನಿಜಕ್ಕೂ ಒಳ್ಳೆಯ ದಾರಿ. ಕಪ್ಪು ತಲೆಯಲ್ಲಿ ಬಿಳಿ ಎಳೆ ದೂರದಿಂದಲೇ ಕಾಣುತ್ತದೆ. ಕಂದಿನ ನಡುವೆ ಅದು ಅಷ್ಟು ಎದ್ದು ಕಾಣುವುದಿಲ್ಲ, ಬಿಸಿಲಲ್ಲಂತೂ ಹೊಂಬಣ್ಣದ ಎಳೆಯ ಹಾಗೆ ಕಾಣುತ್ತದೆ. ಕನ್ನಡಿಗೆ ಮೂಗು ತಾಗಿಸಿ ನೋಡುವವರು ನಾವು ಮಾತ್ರ. ಬೈತಲೆಯನ್ನು ಅರ್ಧ ಇಂಚು ಪಕ್ಕಕ್ಕೆ ತೆಗೆದರೆ ಎಷ್ಟೋ ಎಳೆ ಮರೆಯಾಗುತ್ತವೆ. ನಾನು ಎರಡು ವರ್ಷ ಇದರಲ್ಲೇ ಕಳೆದೆ.

ಒಂದು ಕಿತ್ತರೆ ಹತ್ತು ಬರುತ್ತದೆ ಎನ್ನುತ್ತಾರೆ ಅಲ್ವಾ? ಹಾಗೇನೂ ಆಗುವುದಿಲ್ಲ. ಒಂದು ಬುಡದಿಂದ ಬರುವುದನ್ನು ಕಿತ್ತರೆ ಪಕ್ಕದ ಬುಡಕ್ಕೆ ಏನೂ ತಾಗುವುದಿಲ್ಲ. ಆದರೂ ಕೀಳಬೇಡಿ. ಕಿತ್ತ ಜಾಗದಲ್ಲಿ ಮತ್ತೆ ಬಿಳಿಯದೇ ಬರುತ್ತದೆ, ಚಿಕ್ಕದಾಗಿ, ನೆಟ್ಟಗೆ ಎದ್ದು ನಿಲ್ಲುತ್ತದೆ. ಪದೇ ಪದೇ ಕಿತ್ತರೆ ಬುಡವೇ ಹಾಳಾಗಿ ಅಲ್ಲಿ ಕೂದಲೇ ಬರದೆ ಹೋಗಬಹುದು. ಬೈತಲೆಯ ಸಾಲಲ್ಲಿ ಹಾಗಾದರೆ ನರೆಗಿಂತ ಜಾಸ್ತಿ ಬೇಸರ. ಕಣ್ಣಿಗೆ ಕುತ್ತುವ ಎಳೆಯನ್ನು ಸಣ್ಣ ಕತ್ತರಿಯಿಂದ ಬುಡದ ಹತ್ತಿರ ಕತ್ತರಿಸಿ, ಸಾಕು.

ಎಣ್ಣೆ, ನೆಲ್ಲಿಕಾಯಿ, ಕಬ್ಬಿಣದ ಬಾಣಲೆ

ಅತ್ತೆಯ ಎಣ್ಣೆಯಲ್ಲಿ ಗರುಗದ ಸೊಪ್ಪು, ದಾಸವಾಳ, ಕರಿಬೇವು, ನೆಲ್ಲಿಕಾಯಿ ಎಲ್ಲ ಇದ್ದವು. ಅಂಗಡಿಯ ಬಾಟಲಿಯ ಮೇಲೆ ಭೃಂಗರಾಜ ಎಂದು ಬರೆದಿರುತ್ತದಲ್ಲ, ಅದೇ ಗರುಗ. ಇಂದಿಗೂ ವಾರಕ್ಕೊಮ್ಮೆ ಹಚ್ಚಿಕೊಳ್ಳುತ್ತೇನೆ. ಕೊಬ್ಬರಿ ಎಣ್ಣೆ ತಲೆ ತೊಳೆಯುವ ಮೊದಲು ಹಚ್ಚಿದರೆ ಕೂದಲಿನ ಸತ್ವ ನೀರಿನ ಜೊತೆ ಹೋಗುವುದು ಕಡಿಮೆಯಾಗುತ್ತದೆ. ಕೂದಲು ಮೆತ್ತಗಾಗುತ್ತದೆ. ತಲೆ ತಂಪಾಗುತ್ತದೆ. ಆದರೆ ಬಿಳಿಯಾದ ಎಳೆ ಎಣ್ಣೆಯಿಂದ ಮತ್ತೆ ಕಂದಾಗುವುದಿಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ, ಅದರೊಳಗೆ ಹೊಸ ಬಣ್ಣ ಹುಟ್ಟುವುದಿಲ್ಲ. ನರೆ ಕಪ್ಪಾಗುತ್ತದೆ ಎಂಬ ಆಸೆಯಿಂದ ದುಬಾರಿ ಎಣ್ಣೆ ಕೊಳ್ಳಬೇಡಿ. ಕೂದಲು ಚೆನ್ನಾಗಿರಲಿ ಎಂದು ಮನೆಯ ಎಣ್ಣೆ ಹಚ್ಚಿ.

ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಪುಡಿಯನ್ನು ರಾತ್ರಿಯಿಡೀ ನೆನೆಸಿ ಹಚ್ಚುವುದೂ ನಮ್ಮಲ್ಲಿದೆ. ಅಡಿಕೆ ಸುಲಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರ ಬೆರಳು ವಾರಗಟ್ಟಲೆ ಕಪ್ಪಾಗಿರುತ್ತದೆ. ಹಸಿ ಅಡಿಕೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ನೆಲ್ಲಿಕಾಯಿಯಲ್ಲೂ ಅದೇ ಒಗರು, ಬಾಣಲೆಯಲ್ಲೂ ಅದೇ ಕಬ್ಬಿಣ. ಇದು ಕೂದಲಿನ ಮೇಲೆ ತೆಳುವಾದ ಲೇಪದಂತೆ ಕೂರುತ್ತದೆ, ತೊಳೆದಂತೆ ಹೋಗುತ್ತದೆ. ಬಿಳಿ ಎಳೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಉಳಿದ ಕಂದು ಕೂದಲಿನ ಹೊಳಪು ಮಂಕಾಗುತ್ತದೆ. ಕಪ್ಪು ಕೂದಲಿಗೆ ಸರಿ. ಕೆಂಚಿಗೆ ನಾನು ಹೇಳುವುದಿಲ್ಲ.

ಮದರಂಗಿ ಮಾತ್ರ ಹಚ್ಚಿದರೆ

ಮದರಂಗಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣವಿದೆ. ಅಂಗೈಗೆ ಹಚ್ಚಿದಾಗ ಕಿತ್ತಳೆಯಾಗಿ ಶುರುವಾಗಿ ಕೆಂಪಾಗುವುದು ಅದೇ. ಕೂದಲಿನಲ್ಲಿ ಅದು ಚೆನ್ನಾಗಿ ಅಂಟಿಕೊಳ್ಳುತ್ತದೆ, ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಇರುವುದು ಒಂದೇ ಬಣ್ಣ. ಬಿಳಿ ಎಳೆಯ ಮೇಲೆ ತಾಮ್ರದ ಕಿತ್ತಳೆ, ಕಪ್ಪಿನ ಮೇಲೆ ಬಿಸಿಲಲ್ಲಿ ಮಾತ್ರ ಕಾಣುವ ಕೆಂಪು ಛಾಯೆ, ಕಂದಿನ ಮೇಲೆ ಢಾಳಾದ ಕೆಂಗಂದು.

ಇಲ್ಲಿ ಕೆಂಚು ಕೂದಲಿನವರು ಅದೃಷ್ಟವಂತರು. ಕಪ್ಪು ತಲೆಯಲ್ಲಿ ಮದರಂಗಿ ಹಚ್ಚಿದ ನರೆ ಬೆಂಕಿಯ ಎಳೆಯ ಹಾಗೆ ಬೇರೆಯಾಗಿ ಕಾಣುತ್ತದೆ. ನಮ್ಮ ತಲೆಯಲ್ಲಿ ಅದು ಸುತ್ತಲಿನ ಕಂದಿನ ಜೊತೆ ಬೆರೆಯುತ್ತದೆ. ನರೆ ಐದಾರು ಕಡೆ ಚದುರಿ ಇದ್ದರೆ, ಕೆಂಪು ಛಾಯೆ ನಿಮಗೆ ಇಷ್ಟವಿದ್ದರೆ, ಮದರಂಗಿಯೊಂದೇ ಸಾಕು. ಆದರೆ ಪ್ರತಿ ಸಲ ತಲೆ ತುಂಬ ಹಚ್ಚಬೇಡಿ. ಹಚ್ಚಿದಷ್ಟೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಮೊದಲ ಸಲ ಚೆಂದ ಕಂಡದ್ದು ಐದನೇ ಸಲಕ್ಕೆ ತುದಿಯಲ್ಲಿ ಕಪ್ಪುಗೆಂಪಾಗಿ, ಬುಡದಲ್ಲಿ ತಿಳಿಯಾಗಿ ಎರಡು ತಲೆ ಆಗಿಬಿಡುತ್ತದೆ. ಎರಡನೇ ಸಲದಿಂದ ಬುಡಕ್ಕೆ ಮಾತ್ರ ಹಚ್ಚಿ.

ಹಿತ್ತಲಲ್ಲಿ ಗಿಡ ಇದ್ದವರು ಹಸಿ ಎಲೆ ಅರೆದು ಹಚ್ಚುತ್ತಾರೆ. ಅದು ಒಳ್ಳೆಯದೇ, ಆದರೆ ಪ್ರತಿ ಸಲ ಒಂದೇ ಬಣ್ಣ ಬರುವುದಿಲ್ಲ. ಪುಡಿ ಕೊಳ್ಳುವುದಾದರೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ. ಮದರಂಗಿ ಎಲೆಯ ಪುಡಿ ಎಂದು ಮಾತ್ರ ಇರಬೇಕು. ಕಪ್ಪು ಮೆಹಂದಿ, ಅರ್ಧ ಗಂಟೆಯಲ್ಲಿ ಕಪ್ಪು ಎಂದು ಬರೆದಿದ್ದರೆ ಕೆಳಗಿಡಿ. ಮದರಂಗಿಗೆ ಕಪ್ಪು ಬಣ್ಣ ಕೊಡುವ ಶಕ್ತಿಯೇ ಇಲ್ಲ. ಅದರಲ್ಲಿ ಡೈಯ ರಾಸಾಯನಿಕ ಬೆರೆಸಿರುತ್ತಾರೆ. ಗಿಡದ ಚಿತ್ರ ನೋಡಿ ನಂಬಿ ಹಚ್ಚಿಕೊಂಡು ಮುಖ ಊದಿಸಿಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ.

ಮದರಂಗಿಗೆ ನೀಲಿ ಸೇರಿದರೆ

ಮನೆಯಲ್ಲೇ ಮಾಡಿಕೊಳ್ಳುವ ದಾರಿಗಳಲ್ಲಿ ಇದು ನನ್ನ ಮೆಚ್ಚಿನದು. ನೀಲಿ ಗಿಡದ ಎಲೆಯ ಪುಡಿ ಇಂಡಿಗೋ ಪುಡಿ ಎಂಬ ಹೆಸರಿನಲ್ಲಿ ಸಿಗುತ್ತದೆ. ನೋಡಲು ಹಸಿರು. ನೀರು ತಾಗಿ ಗಾಳಿ ತಾಗಿದಾಗ ನೀಲಿ ಬಣ್ಣ ಹೊರಗೆ ಬರುತ್ತದೆ. ಮದರಂಗಿಯ ಕಿತ್ತಳೆಗೆ ಈ ನೀಲಿ ಸೇರಿದರೆ ಕಂದು. ಕಪ್ಪು ಬೇಕಾದವರು ಮೊದಲು ಮದರಂಗಿ, ತೊಳೆದ ಮೇಲೆ ನೀಲಿ, ಹೀಗೆ ಎರಡು ಸಲ ಒದ್ದಾಡಬೇಕು. ನಮಗೆ ಬೇಕಾದದ್ದು ಕಂದು, ಒಂದೇ ಸಲ ಬೆರೆಸಿ ಹಚ್ಚಿದರೆ ಮುಗಿಯಿತು.

ಅಳತೆ ಹೀಗೆ. ಎರಡೂ ಸಮ ಹಾಕಿದರೆ ನಡುವಿನ ಕಂದು. ಮದರಂಗಿ ಎರಡು ಪಾಲು, ನೀಲಿ ಒಂದು ಪಾಲು ಹಾಕಿದರೆ ಕೆಂಗಂದು. ನೀಲಿ ಎರಡು ಪಾಲಾದರೆ ಗಾಢ ಕಂದು. ನನ್ನ ಕೂದಲಿಗೆ ಸಮ ಅಳತೆ ಸರಿ ಹೊಂದಿತು. ಕೆಂಪು ಜಾಸ್ತಿ ಅನಿಸಿದರೆ ಒಂದು ಚಮಚ ನೆಲ್ಲಿಕಾಯಿ ಪುಡಿ ಸೇರಿಸುತ್ತೇನೆ.

ಎಡವುವುದು ಹೊತ್ತಿನ ಲೆಕ್ಕದಲ್ಲಿ. ಮದರಂಗಿಗೆ ಕಾಲ ಬೇಕು, ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಟ್ಟರೆ ಬೆಳಿಗ್ಗೆ ಬಣ್ಣ ಬಿಟ್ಟಿರುತ್ತದೆ. ನೀಲಿ ಹಾಗಲ್ಲ. ಹಚ್ಚುವ ಹತ್ತು ಹದಿನೈದು ನಿಮಿಷ ಮೊದಲು ಬರೀ ನೀರಿನಲ್ಲಿ ಕಲಸಿ, ಆಮೇಲೆ ಮದರಂಗಿಗೆ ಸೇರಿಸಿ ಕೂಡಲೇ ಹಚ್ಚಬೇಕು. ಎರಡನ್ನೂ ರಾತ್ರಿಯೇ ಒಟ್ಟಿಗೆ ಕಲಸಿಟ್ಟರೆ ಬೆಳಿಗ್ಗೆ ನೀಲಿಯ ಶಕ್ತಿ ಮುಗಿದಿರುತ್ತದೆ, ತಲೆಯಲ್ಲಿ ಉಳಿಯುವುದು ಕಿತ್ತಳೆ ಮಾತ್ರ. ನೀಲಿಗೆ ಲಿಂಬೆಹಣ್ಣು ಹಾಕಬೇಡಿ. ಮೊಸರು, ಮೊಟ್ಟೆಯೂ ಬೇಡ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಎಣ್ಣೆ ಜಿಡ್ಡಿಲ್ಲದ ಕೂದಲಿಗೆ ಹಚ್ಚಿ, ಎರಡು ಮೂರು ತಾಸು ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟುಕೊಳ್ಳಿ, ಒಣಗಲು ಬಿಡಬೇಡಿ. ಬರೀ ನೀರಿನಿಂದ ತೊಳೆಯಿರಿ. ಎರಡು ದಿನ ಶಾಂಪೂ, ಸೀಗೆಕಾಯಿ ಯಾವುದೂ ಬೇಡ.

ತೊಳೆದ ತಕ್ಷಣ ಹಸಿರು ಛಾಯೆ ಕಂಡರೆ ಹೆದರಬೇಡಿ. ನೀಲಿ ಗಾಳಿಯಲ್ಲಿ ಮಾಗಬೇಕು. ಎರಡು ದಿನಕ್ಕೆ ಕಂದು ಸರಿಯಾಗಿ ಕೂರುತ್ತದೆ. ನಾನು ಮೊದಲ ಸಲ ಅದೇ ಸಂಜೆ ಗಾಬರಿಯಿಂದ ಮೂರು ಸಲ ಶಾಂಪೂ ಹಾಕಿ ತೊಳೆದು ಅರ್ಧ ಬಣ್ಣ ಕಳೆದುಕೊಂಡೆ.

ಇದರಲ್ಲಿ ತೊಂದರೆ ಎರಡು. ಒಂದು, ಅರ್ಧ ದಿನ ಬೇಕು. ಮನೆಗೆಲಸ, ಆಫೀಸು ಇರುವವರಿಗೆ ತಿಂಗಳಿಗೊಂದು ಭಾನುವಾರ ಹೋಗುತ್ತದೆ. ಇನ್ನೊಂದು ದೊಡ್ಡದು. ನೀಲಿ ಕೂತ ಕೂದಲನ್ನು ಮುಂದೆ ಪಾರ್ಲರ್‌ನಲ್ಲಿ ಬ್ಲೀಚ್ ಮಾಡಿಸಿದರೆ ಹಸಿರಾಗುವ ಅಪಾಯವಿದೆ. ಹೈಲೈಟ್, ಅಂದರೆ ಅಲ್ಲಲ್ಲಿ ಎಳೆಗಳನ್ನು ತಿಳಿ ಮಾಡಿಸುವ ಆಸೆ ಇರುವವರು ಈ ದಾರಿಗೆ ಬರಬೇಡಿ. ಬೇಡವಾದ ದಿನ ಬೆಳೆದು ಕತ್ತರಿಸುವುದೊಂದೇ ಉಳಿಯುತ್ತದೆ. ಅದಕ್ಕೇ ಬುಡಕ್ಕೆ ಮಾತ್ರ, ನರೆ ಇರುವ ಜಾಗಕ್ಕೆ ಮಾತ್ರ ಹಚ್ಚಿ ಎಂದು ಮತ್ತೆ ಹೇಳುತ್ತೇನೆ.

ಕಪ್ಪು ಡೈ: ನನ್ನ ಅನುಭವ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಂತಹ ಒಂದು ಜಾತ್ರೆಗೆ ತವರಿಗೆ ಹೊರಟಾಗ, ನೆಂಟರೆಲ್ಲ ಸೇರುತ್ತಾರೆ ಎಂದು ಒಂದು ಪಾರ್ಲರ್‌ಗೆ ಹೋದೆ. ಕಂದು ಬೇಕು ಎಂದೆ. ನರೆ ಮುಚ್ಚಬೇಕಾದರೆ ಕಪ್ಪೇ ಸರಿ, ಕಂದು ನಿಲ್ಲುವುದಿಲ್ಲ ಎಂದರು. ಬುಡದಿಂದ ತುದಿಯವರೆಗೆ ಹಚ್ಚಿದರು. ಮನೆಗೆ ಬಂದು ಕನ್ನಡಿ ನೋಡಿದರೆ ನನ್ನ ಮುಖವೇ ಬೇರೆ. ಹುಬ್ಬು ಕಂದು, ತಲೆ ಮಸಿಗಪ್ಪು, ಮುಖ ಬಿಳಿಚಿಕೊಂಡಂತೆ. ಆಯಿ ಬಾಗಿಲಲ್ಲೇ ಕೇಳಿದಳು, "ಎಂತಕ್ಕೆ ಕೂಸೆ? ನಿನ್ನ ಕೂದ್ಲು ಎಷ್ಟು ಚೊಲೋ ಇದ್ದಿತ್ತು." ಆ ರಾತ್ರಿ ಅತ್ತಿದ್ದು ಇನ್ನೂ ನೆನಪಿದೆ.

ತಿಂಗಳು ಕಳೆದ ಮೇಲೆ ಇನ್ನೊಂದು ಕಷ್ಟ. ಬುಡದಲ್ಲಿ ಬಿಳಿ, ಅದರ ಜೊತೆ ಕಂದು, ಕೆಳಗೆ ಕಪ್ಪು. ಕಪ್ಪು ಕೂದಲಿನವರಿಗೆ ಬುಡದಲ್ಲಿ ಬಿಳಿ ಮಾತ್ರ ಕಾಣುತ್ತದೆ. ನಮಗೆ ಮೂರು ಬಣ್ಣ. ಮೇಲೆ ಕಂದು ಡೈ ಹಚ್ಚಿ ಸರಿ ಮಾಡೋಣ ಎಂದರೆ ಆಗುವುದಿಲ್ಲ. ಡೈಯ ಮೇಲೆ ಡೈ ಹಚ್ಚಿದರೆ ತಿಳಿಯಾಗುವುದಿಲ್ಲ, ಬ್ಲೀಚ್ ಬೇಕು, ಬ್ಲೀಚ್ ಮಾಡಿದರೆ ಕೂದಲು ತೆಂಗಿನ ನಾರು. ನಾನು ಬಾಬ್ ಕಟ್ ಮಾಡಿಸಿ ಒಂದೂವರೆ ವರ್ಷ ಕಾದೆ. ಕೆಂಚು ಕೂದಲಿನವರಿಗೆ ನನ್ನ ಮಾತಿನಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ: ಕಪ್ಪು ಹಚ್ಚಬೇಡಿ. ಹತ್ತು ಬಿಳಿ ಎಳೆ ಮುಚ್ಚಲು ಸಾವಿರಾರು ಕಂದು ಎಳೆಗಳ ಬಣ್ಣ ಕೆಡಿಸಬೇಡಿ.

ಪರ್ಮನೆಂಟ್ ಡೈ ಕಂದು ಬಣ್ಣದಲ್ಲೂ ಸಿಗುತ್ತದೆ, ಅದು ಬೇರೆ ಮಾತು. ಅದರಲ್ಲಿ ಅಮೋನಿಯಾ ಅಥವಾ ಅದರಂಥದ್ದೊಂದು ಕೂದಲಿನ ಮೇಲ್ಪದರ ತೆರೆಯುತ್ತದೆ, ಪೆರಾಕ್ಸೈಡ್ ಒಳಗಿನ ಬಣ್ಣ ತೆಗೆಯುತ್ತದೆ, ಹೊಸ ಬಣ್ಣ ಒಳಗೇ ಹುಟ್ಟುತ್ತದೆ. ಪಾರ್ಲರ್ ಬಣ್ಣಗಳಲ್ಲಿ ನರೆ ಪೂರ್ತಿ ಮುಚ್ಚುವುದು ಇದೊಂದೇ. ಅರ್ಧಕ್ಕಿಂತ ಹೆಚ್ಚು ನರೆತವರಿಗೆ ಇದು ಸರಿ. ಮೊದಲ ನರೆಗೆ ಬೇಡ. ನಾಲ್ಕು ವಾರಕ್ಕೆ ಬುಡದ ಗೆರೆ ಕಾಣುತ್ತದೆ, ಆಮೇಲೆ ನಿಲ್ಲಿಸಲು ಮನಸ್ಸು ಬರುವುದಿಲ್ಲ.

ಪಿಪಿಡಿ ಮತ್ತು 48 ಗಂಟೆ

ಹೆಚ್ಚಿನ ಡೈಗಳಲ್ಲಿ ಪ್ಯಾರಾ ಫಿನೈಲೀನ್ ಡಯಮೀನ್, ಅಂದರೆ ಪಿಪಿಡಿ ಇರುತ್ತದೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ತುರಿಕೆ, ನೆತ್ತಿಯಲ್ಲಿ ನೀರು ಒಸರುವುದು, ಕಣ್ಣಿನ ರೆಪ್ಪೆ ಮುಚ್ಚುವಷ್ಟು ಊತ. ಇದು ಒಂದೆರಡು ದಿನ ಕಳೆದ ಮೇಲೂ ಬರಬಹುದು. ಹತ್ತು ಸಲ ಹಚ್ಚಿದರೂ ಏನೂ ಆಗದವರಿಗೆ ಹನ್ನೊಂದನೇ ಸಲ ಆಗಬಹುದು. ನನ್ನ ಭಾವನಿಗೆ ಹೀಗೇ ಆಯಿತು. ವರ್ಷಗಟ್ಟಲೆ ಹಚ್ಚುತ್ತಿದ್ದ ಅದೇ ಪೊಟ್ಟಣ, ಒಂದು ದಿನ ಬೆಳಿಗ್ಗೆ ಕಣ್ಣು ಬಿಡಲು ಆಗಲಿಲ್ಲ. ಡಾಕ್ಟರು ಇನ್ನು ಜೀವಮಾನದಲ್ಲಿ ಪಿಪಿಡಿ ಬೇಡ ಎಂದರು. ಒಮ್ಮೆ ಚರ್ಮ ಮುನಿದರೆ ಮತ್ತೆ ಒಪ್ಪುವುದಿಲ್ಲ.

ಅದಕ್ಕೇ ಪರೀಕ್ಷೆ. ಬೆರೆಸಿದ ಡೈಯ ಒಂದು ಹನಿಯನ್ನು ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಹಚ್ಚಿ 48 ಗಂಟೆ ಕಾಯಿರಿ. ಪ್ರತಿ ಸಲ, ಪ್ರತಿ ಹೊಸ ಪೊಟ್ಟಣಕ್ಕೂ. ಪಿಪಿಡಿ ಇರುವ ಡೈಯ ಮೇಲೆ ಎಚ್ಚರಿಕೆಯ ಬರಹ ಇರಲೇಬೇಕು ಎಂದು ನಮ್ಮ ದೇಶದ ಸೌಂದರ್ಯವರ್ಧಕ ನಿಯಮಗಳಲ್ಲೇ ಇದೆ. ಮೊದಲು ಪರೀಕ್ಷೆ ಮಾಡಿ, ಹುಬ್ಬಿಗೆ ರೆಪ್ಪೆಗೆ ಹಚ್ಚಬೇಡಿ, ಕುರುಡುತನ ಬರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಅಮೋನಿಯಾ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ ಪೊಟ್ಟಣದಲ್ಲೂ ಪಿಪಿಡಿ ಇರಬಹುದು. ಅಮೋನಿಯಾ ಇಲ್ಲದಿದ್ದರೆ ವಾಸನೆ ಕಡಿಮೆ, ಅಲರ್ಜಿಯ ಭಯ ಕಡಿಮೆ ಅಲ್ಲ.

ತೊಳೆದಂತೆ ಹೋಗುವ ಬಣ್ಣ

ಈಗ ನಾನು ಮಾಡಿಸಿಕೊಳ್ಳುವುದು ಇದನ್ನು. ಪಾರ್ಲರ್‌ನವರು ಡೆಮಿ ಪರ್ಮನೆಂಟ್ ಎನ್ನುತ್ತಾರೆ. ಅಮೋನಿಯಾ ಇರುವುದಿಲ್ಲ, ಪೆರಾಕ್ಸೈಡ್ ಕಡಿಮೆ. ನಿಮ್ಮ ಬಣ್ಣವನ್ನು ಅಷ್ಟಾಗಿ ಕದಡುವುದಿಲ್ಲ. ಬಿಳಿ ಎಳೆಗೆ ತೆಳುವಾಗಿ ಕಂದು ಕೂರುತ್ತದೆ. 20ರಿಂದ 28 ಸಲ ತಲೆ ತೊಳೆಯುವ ತನಕ ಇರುತ್ತದೆ. ನಮ್ಮ ಕರಾವಳಿಯ ಬೆವರಿಗೆ ದಿನ ಬಿಟ್ಟು ದಿನ ತೊಳೆಯುವವರಿಗೆ ಆರರಿಂದ ಎಂಟು ವಾರ. ಘಟ್ಟದ ಮೇಲೆ ವಾರಕ್ಕೆ ಎರಡು ಸಲ ತೊಳೆಯುವವರಿಗೆ ಮೂರು ತಿಂಗಳ ತನಕ ಬರುತ್ತದೆ. ಮೆಲ್ಲಗೆ ಮಾಸುವುದರಿಂದ ಬುಡದಲ್ಲಿ ಗೆರೆ ಬೀಳುವುದಿಲ್ಲ. ಬೇಡ ಅನಿಸಿದರೆ ಸುಮ್ನೆ ಬಿಟ್ಟರೆ ಸಾಕು. ತಲೆಯ ಅರ್ಧ ನರೆಯುವ ತನಕ ಇದು ಕೆಲಸ ಮಾಡುತ್ತದೆ. ಇದರಲ್ಲೂ ಪಿಪಿಡಿ ಅಥವಾ ಅದರ ಬಳಗದ ರಾಸಾಯನಿಕ ಇರುತ್ತದೆ, ಆ 48 ಗಂಟೆ ಇಲ್ಲಿಗೂ ಸೇರಿತು.

ಇದಕ್ಕಿಂತ ಹಗುರವಾದದ್ದು ಸೆಮಿ ಪರ್ಮನೆಂಟ್. ಆರರಿಂದ ಹನ್ನೆರಡು ತೊಳೆತಕ್ಕೆ ಹೋಗುತ್ತದೆ. ಬಣ್ಣ ಹೊಂದುತ್ತದೋ ಇಲ್ಲವೋ ಎಂದು ನೋಡಲು ಒಳ್ಳೆಯದು, ನರೆ ಮುಚ್ಚುವುದರಲ್ಲಿ ಅಷ್ಟಕ್ಕಷ್ಟೇ.

ಬಣ್ಣ ಆರಿಸುವಾಗ ಹೆಸರು ನಂಬಬೇಡಿ, ಸಂಖ್ಯೆ ನೋಡಿ. 1 ಕಪ್ಪು, 3 ಗಾಢ ಕಂದು, 4 ನಡುವಿನ ಕಂದು, 5 ತಿಳಿ ಕಂದು. ನಮ್ಮ ಕಡೆಯ ಕೆಂಚು ಕೂದಲು ಹೆಚ್ಚಾಗಿ 3 ಮತ್ತು 4ರ ನಡುವೆ ಬರುತ್ತದೆ. ಪೆಟ್ಟಿಗೆಯ ಮೇಲಿನ ಹುಡುಗಿಯ ಕೂದಲಿಗೆ ಹೋಲಿಸಬೇಡಿ. ಬೆಳಿಗ್ಗೆ ಹತ್ತು ಗಂಟೆಯ ಬೆಳಕಿಗೆ ಅಂಗಳಕ್ಕೆ ಬಂದು ನಿಮ್ಮ ಬುಡದ ಕೂದಲನ್ನು ನೋಡಿ, ತುದಿಯದ್ದನ್ನಲ್ಲ. ತುದಿ ಬಿಸಿಲಿಗೆ ತಿಳಿಯಾಗಿರುತ್ತದೆ. ಎರಡು ಸಂಖ್ಯೆಯ ನಡುವೆ ಅನುಮಾನ ಬಂದರೆ ತಿಳಿಯಾದದ್ದನ್ನೇ ತೆಗೆದುಕೊಳ್ಳಿ. ತಿಳಿಯಾದದ್ದನ್ನು ಮುಂದಿನ ಸಲ ಗಾಢ ಮಾಡಬಹುದು. ಗಾಢವಾದದ್ದನ್ನು ತಿಳಿ ಮಾಡುವುದು ಎಷ್ಟು ಕಷ್ಟ ಎಂದು ಮೇಲೆ ಹೇಳಿದ್ದೇನೆ.

ಹೈಲೈಟ್, ಕಡ್ಡಿ, ಪುಡಿ

ಹೈಲೈಟ್ ಎಂದರೆ ಅಲ್ಲಲ್ಲಿ ಎಳೆಗಳನ್ನು ತಿಳಿ ಮಾಡಿ ಬಿಳಿಯನ್ನು ಅದರ ನಡುವೆ ಅಡಗಿಸುವುದು. ಕಂದು ಕೂದಲಿಗೆ ಚೆಂದ ಹೊಂದುತ್ತದೆ, ಬುಡದ ಗೆರೆಯೂ ಕಾಣುವುದಿಲ್ಲ. ಕಾರವಾರದ ನನ್ನ ಗೆಳತಿ ಮಡಗಾಂವಿಗೆ ಹೋಗಿ ಮಾಡಿಸಿಕೊಂಡು ಬರುತ್ತಾಳೆ. ನಾನು ಮಾಡಿಸಿಲ್ಲ. ಬ್ಲೀಚ್ ಬೇಕು, ದುಡ್ಡು ಬೇಕು, ಕೈ ಪಳಗಿದವರು ಬೇಕು. ಮೊದಲು ಮದರಂಗಿ ಹಚ್ಚಿದ್ದರೆ ಅದನ್ನು ಅವರಿಗೆ ಮುಚ್ಚಿಡದೆ ಹೇಳಿ. ಲೋಹದ ಲವಣ ಬೆರೆಸಿದ ಅಗ್ಗದ ಮೆಹಂದಿಯ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗುವುದುಂಟು.

ಬುಡಕ್ಕೆ ತೀಡುವ ಕಡ್ಡಿ, ಪುಡಿ, ಸ್ಪ್ರೇ ಒಂದು ಹೊತ್ತಿನ ಕೆಲಸಕ್ಕೆ. ಶಿರಸಿಯ ಚಳಿಗಾಲದ ಮದುವೆಗೆ ಸರಿ. ಕಾರವಾರದ ಮೇ ತಿಂಗಳಲ್ಲಿ ಬೇಡ. ಬೆವರಿನ ಜೊತೆ ಹಣೆಯ ಮೇಲೆ ಇಳಿಯುತ್ತದೆ, ಬಿಳಿ ಬ್ಲೌಸ್ ಇದ್ದರೆ ಕತೆ ಮುಗಿಯಿತು.

ನಮ್ಮ ಬಿಸಿಲು, ಮಳೆ, ನೀರು

ಯಾವ ಬಣ್ಣ ಹಚ್ಚಿದರೂ ಬಿಸಿಲು ಅದನ್ನು ತಿನ್ನುತ್ತದೆ. ಸಮುದ್ರದ ಉಪ್ಪು ನೀರು ಕೂದಲನ್ನು ಒಣಗಿಸುತ್ತದೆ. ದಂಡೆಗೆ ಹೋಗುವ ಮೊದಲು ತಲೆಗೆ ಸ್ವಲ್ಪ ಎಣ್ಣೆ ಸವರಿ ಸೀರೆಯ ಸೆರಗೋ ದುಪಟ್ಟಾವೋ ಹೊದೆಯಿರಿ, ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ, ಬಕೆಟಿನ ತಳದಲ್ಲಿ ಕೆಂಪು ಕಲೆ ಕಾಣುತ್ತದೆ. ಅಂತಹ ನೀರಿನಲ್ಲಿ ತಿಳಿಯಾದ ಬಣ್ಣ ಬೇಗ ಮಂಕಾಗುತ್ತದೆ. ಕೊನೆಯ ಎರಡು ತಂಬಿಗೆಗಾದರೂ ಸೋಸಿದ ನೀರು ಬಳಸಿ.

ಮಳೆಗಾಲದಲ್ಲಿ ಮದರಂಗಿ, ನೀಲಿ ಪುಡಿಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಾಗಿದರೆ ನೀಲಿ ಡಬ್ಬಿಯಲ್ಲೇ ಕೆಟ್ಟುಹೋಗುತ್ತದೆ. ಜೂನ್ ಜುಲೈಯಲ್ಲಿ ನಾನು ಹಚ್ಚುವುದೇ ಇಲ್ಲ. ತಲೆ ಒಣಗುವುದಿಲ್ಲ, ಶೀತ ಬೇರೆ.

ಬಣ್ಣ ಹಚ್ಚಿದ ಕೂದಲಿಗೆ ಸೀಗೆಕಾಯಿ ಸ್ವಲ್ಪ ಒರಟು. ಮತ್ತಿ ಸೊಪ್ಪಿನ ಅಥವಾ ದಾಸವಾಳ ಸೊಪ್ಪಿನ ಗೊಂಪು, ಅಂದರೆ ಸೊಪ್ಪು ಕಿವುಚಿ ತೆಗೆದ ಲೋಳೆ, ಮೆತ್ತಗೆ. ಬಿಳಿ ಎಳೆ ಸ್ವಭಾವದಿಂದಲೇ ಬಿರುಸು, ಅದಕ್ಕೆ ಗೊಂಪು ನಿಜವಾಗಿಯೂ ಹಿತ. ಏನೂ ಹಚ್ಚದೆ ಹಾಗೇ ಬಿಟ್ಟವರಿಗೂ ಇದನ್ನು ಹೇಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು?

ಕಾಲೇಜಿಗೆ ಹೋಗುವ ಮಕ್ಕಳಿಗೆ ಬಾಲನೆರೆ ಬಂದಿದ್ದರೆ ರಕ್ತ ಪರೀಕ್ಷೆ, ಕತ್ತರಿ, ಅಷ್ಟೇ. ಡೈ ಬೇಡ. ಚರ್ಮ ಈಗಲೇ ಪಿಪಿಡಿಗೆ ಮುನಿದರೆ ಮುಂದಿನ ನಲವತ್ತು ವರ್ಷದ ದಾರಿ ಮುಚ್ಚಿಹೋಗುತ್ತದೆ. ಉದ್ದ ಜಡೆಯವರು, ಹತ್ತಿಪ್ಪತ್ತು ಎಳೆ ಇದ್ದರೆ ಹಾಗೇ ಬಿಡಿ. ಎಳೆ ಎಣಿಸಲು ಆಗದಷ್ಟಾದಾಗ ಬುಡಕ್ಕೆ ಮದರಂಗಿ ನೀಲಿ, ಇಲ್ಲವೇ ಡೆಮಿ ಪರ್ಮನೆಂಟ್. ಸಮಯ ಇದ್ದರೆ ಮೊದಲಿನದು, ಇಲ್ಲದಿದ್ದರೆ ಎರಡನೆಯದು. ಪಿಪಿಡಿ ಆಗದವರಿಗೆ ಮದರಂಗಿ ನೀಲಿಯೇ ದಾರಿ, ಶುದ್ಧ ಪುಡಿ ಎಂದು ಖಾತ್ರಿ ಮಾಡಿಕೊಂಡು, ಅದನ್ನೂ ಚರ್ಮದ ಮೇಲೆ ಪರೀಕ್ಷಿಸಿಯೇ ಹಚ್ಚಬೇಕು.

ಗಂಡಸರಿಗೆ ಲೆಕ್ಕ ಸುಲಭ. ಸಣ್ಣ ಕ್ರಾಪು, ತಪ್ಪಾದರೂ ಮೂರು ತಿಂಗಳಲ್ಲಿ ಕತ್ತರಿಗೆ ಹೋಗುತ್ತದೆ. ಆದರೆ ಕಟಿಂಗ್ ಶಾಪಿನಲ್ಲಿ ಕೇಳದೆ ಕಪ್ಪೇ ಕಲಸುವುದು ರೂಢಿ. ಕುರ್ಚಿಯಲ್ಲಿ ಕೂರುವ ಮೊದಲೇ 4 ಎಂದು ಹೇಳಿ. ಗಡ್ಡ ಮೀಸೆಗೆ ಹಚ್ಚುವಾಗ ಜಾಸ್ತಿ ಜಾಗ್ರತೆ ಬೇಕು, ಮುಖದ ಚರ್ಮ ನೆತ್ತಿಗಿಂತ ಬೇಗ ಉರಿಯುತ್ತದೆ. ಕಂದು ತಲೆಗೆ ಗಡ್ಡ ಅಲ್ಲಲ್ಲಿ ನರೆತಿದ್ದರೆ ಹಾಗೇ ಟ್ರಿಮ್ ಮಾಡಿಟ್ಟುಕೊಳ್ಳುವುದೇ ನನಗೆ ಚೆಂದ ಕಾಣುತ್ತದೆ.

ಜಾತ್ರೆ, ಮದುವೆ, ಉಪನಯನ ಇದೆ ಎಂದಾದರೆ ಹಿಂದಿನ ದಿನ ಯಾವುದನ್ನೂ ಮೊದಲ ಬಾರಿ ಮಾಡಬೇಡಿ. ಎರಡು ವಾರ ಮೊದಲು ಕಿವಿಯ ಹಿಂದೆ ಒಂದು ಹನಿ. 48 ಗಂಟೆ ಸುಮ್ಮನಿದ್ದರೆ ಒಳಗಿನ, ಹೊರಗೆ ಕಾಣದ ಒಂದು ಎಳೆಗೆ ಹಚ್ಚಿ ಬಿಸಿಲಲ್ಲಿ ನೋಡಿ. ಒಪ್ಪಿತು ಎಂದರೆ ಹತ್ತು ದಿನ ಮೊದಲು ಪೂರ್ತಿ ಹಚ್ಚಿ. ಜಾತ್ರೆಯ ಹೊತ್ತಿಗೆ ಬಣ್ಣ ಒಂದು ಸುತ್ತು ಮಾಸಿ ನಿಮ್ಮದೇ ಬಣ್ಣ ಅನಿಸುವಷ್ಟು ಕೂತಿರುತ್ತದೆ, ಮುಡಿದ ಅಬ್ಬಲಿಗೆ ದಂಡೆಗೂ ಕಲೆ ತಾಗುವುದಿಲ್ಲ.